ಎಲ್ಲರನ್ನೂ ಎಂದರೆ ಎದುರಾಳಿಯನ್ನೂ

ಅಪೊಸ್ತಲ ಪೇತ್ರನ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯದ 17ನೇ ವಚನದಲ್ಲಿ ಇರುವುದು ನಾಲ್ಕೇ ಅಪ್ಪಣೆಗಳು. ಮನುಷ್ಯರೆಲ್ಲರಿಗೂ ಗೌರವ ಸಲ್ಲಲಿ; ವಿಶ್ವಾಸದ ಬಳಗದ ಮೇಲೆ ಪ್ರೀತಿಯಿರಲಿ; ದೇವರ ಭಯವಿರಲಿ; ಅರಸನಿಗೆ ಮರ್ಯಾದೆ ಸಿಗಲಿ. ಇದರ ಮೇಲೆ ಪ್ರಸಂಗ ಕೇಳಿದವರಿಗೆ ಸಾಮಾನ್ಯವಾಗಿ ನೆನಪಿನಲ್ಲಿ ಉಳಿಯುವುದು ಕೊನೆಯ ಮಾತು, ಅಂದರೆ ಅಧಿಕಾರಸ್ಥರಿಗೆ ತಗ್ಗಿ ನಡೆಯಬೇಕೆಂಬುದು. ಆದರೆ ವಚನದ ಜೀವ ಇರುವುದು ಮೊದಲನೆಯ ಅಪ್ಪಣೆಯಲ್ಲಿ.

ಪತ್ರಿಕೆ ಹೋದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದುರಿದ್ದ ಸಣ್ಣ ಸಣ್ಣ ಸಭೆಗಳಿಗೆ. ಇವತ್ತಿನ ಟರ್ಕಿ ದೇಶದ ಭಾಗಗಳು ಅವು. ಅಲ್ಲಿನ ವಿಶ್ವಾಸಿಗಳನ್ನು ನೆರೆಹೊರೆಯವರು ದುಷ್ಟರೆಂದು ಆಡಿಕೊಳ್ಳುತ್ತಿದ್ದರು. ಅರಸನೆಂದರೆ ರೋಮಿನ ಚಕ್ರವರ್ತಿ. ಆ ಸೀಮೆಗಳಲ್ಲಿ ಅವನಿಗೆ ಗುಡಿ ಕಟ್ಟಿ ಪೂಜಿಸುವವರಿದ್ದರು. ಪೇತ್ರನೇ ನೀರೋ ಕಾಲದಲ್ಲಿ ರೋಮಿನಲ್ಲಿ ಪ್ರಾಣ ತೆತ್ತನೆಂದು ಸಭೆಯ ಪರಂಪರೆ ಹೇಳುತ್ತದೆ. ಇಂಥ ಜನರಿಗೆ 'ನಮ್ಮವರು ನಮಗೆ, ಉಳಿದವರು ಹಾಳಾಗಲಿ' ಎನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಆ ದಾರಿಯನ್ನೇ ಪೇತ್ರ ಮುಚ್ಚುತ್ತಾನೆ. ನಮ್ಮವರ ಮಾತು ಬರುವ ಮೊದಲೇ ಎಲ್ಲರ ಮಾತು ಬರುತ್ತದೆ, ಅದೂ ಯಾವ ಷರತ್ತೂ ಇಲ್ಲದೆ.

ಶತ್ರುವನ್ನು ಪ್ರೀತಿಸಬೇಕೆಂದು ಯೇಸು ಹೇಳಿದ್ದು ಬಹು ಎತ್ತರದ ಮಾತು. ಅಷ್ಟು ಎತ್ತರ ನಮ್ಮಿಂದಾಗದು ಎಂದು ಜಾರಿಕೊಳ್ಳುವವರುಂಟು. ಪೇತ್ರ ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಕೆಳಗಿನ ಮೆಟ್ಟಿಲು. ಇಲ್ಲಿ ಜಾರಿಕೊಳ್ಳಲು ನೆಪ ಸಿಗುವುದಿಲ್ಲ. ಮನುಷ್ಯ ದೇವರ ಸ್ವರೂಪದಲ್ಲಿ ಉಂಟಾದವನು ಎಂಬುದು ಆದಿಕಾಂಡದ ಮೊದಲ ಪಾಠ. ಆದ್ದರಿಂದ ಗೌರವವೆನ್ನುವುದು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರಿಗೆ ಕೊಡುವ ಬಹುಮಾನವಲ್ಲ. ಒಬ್ಬನು ತಪ್ಪು ಪಕ್ಷಕ್ಕೆ ಮತ ಹಾಕಿದ ಮಾತ್ರಕ್ಕೆ ಅದನ್ನು ಅವನಿಂದ ಕಿತ್ತುಕೊಳ್ಳಲು ನಮಗೆ ಅಧಿಕಾರವಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಅಪ್ಪಣೆಗಳನ್ನು ಒಟ್ಟಿಗೆ ಓದಬೇಕು. ಭಯ ದೇವರೊಬ್ಬನಿಗೇ ಮೀಸಲು. ಚಕ್ರವರ್ತಿಗೆ ಸಿಗುವುದು ಬೀದಿಯ ಮನುಷ್ಯನಿಗೂ ಸಿಗುವ ಮರ್ಯಾದೆಯೇ. ಅಂದಮೇಲೆ ಮರ್ಯಾದೆ ಕೊಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಯೆರೂಸಲೇಮಿನ ಹಿರೀಸಭೆ ಸಾರಬೇಡವೆಂದು ತಾಕೀತು ಮಾಡಿದಾಗ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಎದುರು ನಿಂತು ಹೇಳಿದವನೂ ಇದೇ ಪೇತ್ರ.

ಎದುರಿಸುವುದೂ ಗೌರವಿಸುವುದೂ ಒಬ್ಬರಲ್ಲೇ ಕೂಡಿರಲು ಸಾಧ್ಯವೇ? 1972ರ ಅಮೆರಿಕದಲ್ಲಿ ಅದು ಕಂಡಿತು. ಅಲಬಾಮದ ಗವರ್ನರ್ ಜಾರ್ಜ್ ವಾಲೆಸ್ ವರ್ಣಭೇದದ ಕಟ್ಟಾಳು. 1963ರ ಜೂನ್ 11ರಂದು ಇಬ್ಬರು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಿಗೇ ಅಡ್ಡ ನಿಂತಿದ್ದರು. ಶರ್ಲಿ ಚಿಸಮ್ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪುವರ್ಣೀಯ ಮಹಿಳೆ. ಆ ವರ್ಷ ಇಬ್ಬರೂ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಟಿಕೆಟ್‌ಗೆ ಸ್ಪರ್ಧಿಗಳು. ಮೇ 15ರಂದು ಮೇರಿಲ್ಯಾಂಡಿನ ಲಾರೆಲ್‌ನಲ್ಲಿ ವಾಲೆಸ್‌ಗೆ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಸಮ್ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ನಿಮ್ಮ ಜನ ಏನನ್ನುತ್ತಾರೆ ಎಂದು ವಾಲೆಸ್ ಕೇಳಿದರಂತೆ. ಏನನ್ನುತ್ತಾರೆಂದು ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಎಂದು ಆಕೆ ಉತ್ತರಿಸಿದರಂತೆ. ವಾಲೆಸ್ ಅತ್ತುಬಿಟ್ಟರೆಂದು ಆಕೆಯೇ ನೆನಪಿಸಿಕೊಂಡಿದ್ದಾರೆ. ಆಕೆಯ ಬೆಂಬಲಿಗರಲ್ಲಿ ಹಲವರು ಸಿಟ್ಟಾದರು. ಭೇಟಿ ಕೊಟ್ಟರೆಂದು ವರ್ಣಭೇದದ ಬಗ್ಗೆ ಆಕೆಯ ನಿಲುವೇನೂ ಮೆತ್ತಗಾಗಲಿಲ್ಲ.

ಮನೆಗೆಲಸದವರನ್ನೂ ಕನಿಷ್ಠ ವೇತನದ ವ್ಯಾಪ್ತಿಗೆ ತಂದ 1974ರ ಕಾನೂನಿಗೆ ದಕ್ಷಿಣದ ಸಂಸದರ ಮತಗಳನ್ನು ಒದಗಿಸಲು ವಾಲೆಸ್ ನೆರವಾದರೆಂದು ಚಿಸಮ್ ಮುಂದೆ ಹೇಳಿದರು. ಕೊನೆಗಾಲದಲ್ಲಿ ವಾಲೆಸ್ ಕಪ್ಪುವರ್ಣೀಯರ ಕ್ಷಮೆಯನ್ನೂ ಕೇಳಿದರು. ಆದರೆ ಫಲ ಸಿಕ್ಕಿತೆಂಬ ಕಾರಣಕ್ಕೆ ಆ ಭೇಟಿ ಸರಿಯಾಗುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಇದ್ಯಾವುದೂ ಆಕೆಗೆ ಗೊತ್ತಿರಲಿಲ್ಲ. ವಾಲೆಸ್ ಬದಲಾಗದೆಯೇ ಸತ್ತಿದ್ದರೂ ಆಕೆ ಮಾಡಿದ್ದು ಸರಿಯೇ ಆಗಿರುತ್ತಿತ್ತು. ಲಾಭದ ಲೆಕ್ಕ ಹಾಕಿ ಕೊಟ್ಟದ್ದು ರಾಜಕಾರಣವಾದೀತು, ಗೌರವವಾಗದು.

ಹಾಗಾದರೆ ಅನ್ಯಾಯ ಮಾಡಿದವನನ್ನೂ ಗೌರವಿಸಬೇಕೇ, ನೊಂದವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪೇತ್ರನ 'ಎಲ್ಲರೂ' ಎಂಬುದರಲ್ಲಿ ನೊಂದವರು ಮೊದಲು ಸೇರುತ್ತಾರೆ. ಅವರ ಅಳಲನ್ನು ಮುಚ್ಚಿಟ್ಟು ಬಲ್ಲಿದನಿಗೆ ನಮಸ್ಕಾರ ಹಾಕುವುದು ಮುಖಸ್ತುತಿ. ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕು. ಅದನ್ನು ಮಾಡಿದವನನ್ನು ಮಾತ್ರ ಹುಳವೆಂದು ಕರೆಯಬಾರದು.

ಚುನಾವಣೆ ಬಂತೆಂದರೆ ನಮ್ಮ ಸಭೆಗಳಲ್ಲೂ ಬೇರೆ ಬೇರೆ ಪಕ್ಷದವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಒಂದೇ ರೊಟ್ಟಿ ಮುರಿಯುತ್ತಾರೆ. ಮನೆಗೆ ಹೋದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಅದೇ ಕೈ ಬೆಂಚಿನ ಜೊತೆಗಾರನ ನಾಯಕನಿಗೆ ನಾಯಿ, ನರಿ ಎಂದು ಹೆಸರಿಡುತ್ತದೆ. ಒಂದೇ ಬಾಯಿಂದ ಸ್ತುತಿಯೂ ಶಾಪವೂ ಹೊರಡುವುದು ತರವಲ್ಲವೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿದ್ದು ಇಂಥವರನ್ನೇ. ವಾದ ಮಾಡಿ, ಬೇಡದವರನ್ನು ಮತ ಹಾಕಿ ಸೋಲಿಸಿ. ಅದು ನಿಮ್ಮ ಹಕ್ಕು. ಆದರೆ ಎದುರಾಳಿಯ ಮುಖ ನೋಡಿ ಆಡಲಾಗದ ಮಾತನ್ನು ಅವನ ಬೆನ್ನ ಹಿಂದೆ ಬರೆದು ಕಳಿಸಬೇಡಿ.