ಚೀಲ ಒಳಗೆ, ಹೊಲಿದವರು ಹೊರಗೆ

2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಕಪ್ಪು ಚರ್ಮದ ಒಂದು ಹಳೆಯ ಕೈಚೀಲ ಸುಮಾರು 86 ಲಕ್ಷ ಯೂರೋಗೆ ಮಾರಾಟವಾಯಿತು. ಗೀರು ಬಿದ್ದ, ಬಳಸಿ ಸವೆದ ಚೀಲ. ನಟಿ ಜೇನ್ ಬರ್ಕಿನ್‌ಗಾಗಿ ಎರ್ಮೆಸ್ ಕಂಪನಿ 1980ರ ದಶಕದಲ್ಲಿ ಮಾಡಿಕೊಟ್ಟದ್ದು. ಆ ಕಂಪನಿ 1837ರಲ್ಲಿ ಹುಟ್ಟಿದ್ದು ಕುದುರೆ ಸಜ್ಜಿನ ಕಾರ್ಖಾನೆಯಾಗಿ. ಜೀನಿಗೆ ಹಾಕುತ್ತಿದ್ದ ಹೊಲಿಗೆಯನ್ನೇ ಈಗ ಚೀಲಕ್ಕೂ ಹಾಕುತ್ತಾರೆ. ಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಆರಿಯಿಂದ ಚುಚ್ಚಿದ ಪ್ರತಿ ತೂತಿನಲ್ಲೂ ಎರಡೂ ಸೂಜಿಗಳು ಎದುರುಬದುರು ಹಾಯುತ್ತವೆ. ಯಂತ್ರದ ಹೊಲಿಗೆಯಲ್ಲಿ ಒಂದೆಡೆ ದಾರ ಕಡಿದರೆ ಸಾಲು ಬಿಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮೊದಲ ತೂತಿನಿಂದ ಕೊನೆಯದರವರೆಗೆ ಬಿಗಿ ಒಂದೇ ಸಮ ಇರಬೇಕು. ಆ ಹದ ಕೈಗೆ ಹತ್ತಲು ವರ್ಷಗಳು ಬೇಕು.

ಅಲ್ಲಿ ಹಾಗೆ ಹೊಲಿಯುವವರನ್ನು ಕುಶಲಕರ್ಮಿ ಎನ್ನುತ್ತಾರೆ, ಅವರ ಕೈಯನ್ನು ಫೋಟೋ ತೆಗೆದು ಜಾಹೀರಾತಿಗೆ ಹಾಕುತ್ತಾರೆ. ನಮ್ಮ ಅಥಣಿ, ನಿಪ್ಪಾಣಿ ಕಡೆ ಸಮಗಾರರು ಮೊಳೆಯಿಲ್ಲದೆ, ಚರ್ಮದ ಎಳೆಯಿಂದಲೇ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಾರೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ 2019ರಲ್ಲಿ ಆ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕೈ ಕಡಿಮೆಯದಲ್ಲ. ಆದರೆ ಇಲ್ಲಿ ಆ ಕೈ ನೋಡಿದವರಿಗೆ ಮೊದಲು ಕಂಡದ್ದು ಜಾತಿ.

ಚರ್ಮ ಮೈಲಿಗೆ ಎಂಬ ಮಾತನ್ನು ಸ್ವಲ್ಪ ಪರೀಕ್ಷೆಗೆ ಒಡ್ಡೋಣ. ಹಸಿ ತೊಗಲು ಕೊಳೆಯುತ್ತದೆ, ನಿಜ. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಜಾಲಿ ತೊಗಟೆ, ಅಳಲೆಕಾಯಿಯ ಒಗರು ರಸದಲ್ಲಿ ದಿನಗಟ್ಟಲೆ ಇಟ್ಟರೆ ಆ ಒಗರು ತೊಗಲಿನ ನಾರನ್ನು ಕಟ್ಟಿ ಹಿಡಿಯುತ್ತದೆ, ಕೊಳೆಯುವಿಕೆ ನಿಲ್ಲುತ್ತದೆ. ಅಂದರೆ ಹದಗಾರನ ಇಡೀ ವಿದ್ಯೆಯೇ ಕೊಳೆಯನ್ನು ತಡೆಯುವ ವಿದ್ಯೆ. ಸತ್ತದ್ದನ್ನು ಮುಟ್ಟುವುದೇ ದೋಷವೆಂದರೆ ಶವಪರೀಕ್ಷೆ ಮಾಡುವ ವೈದ್ಯರ ಕೈಗೂ ಆ ದೋಷ ತಗುಲಬೇಕಿತ್ತು. ಅವರಿಗೆ ಎದ್ದು ನಿಂತು ನಮಸ್ಕರಿಸುತ್ತೇವೆ. ತೊಗಲು ಬಿಗಿದ ಮೃದಂಗ ದೇವರ ಮುಂದೆ ನುಡಿಯಿತು. ಅದನ್ನು ಬಿಗಿದವನನ್ನು ಶತಮಾನಗಳ ಕಾಲ ದೇಗುಲದ ಹೊರಗೆ ನಿಲ್ಲಿಸಿದೆವು. ಇದರಲ್ಲಿ ಎಲ್ಲಿದೆ ಶುದ್ಧಿಯ ತರ್ಕ?

ಹನ್ನೆರಡನೆಯ ಶತಮಾನದ ಶರಣ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಭಕ್ತಿಯಿಂದ ಹೇಳುತ್ತೇವೆ. ಕೈಚಳಕ ಸಾಲದೆ, ಮೈಚರ್ಮವನ್ನೇ ಸುಲಿದು ಕೊಟ್ಟ ಮೇಲೆಯೇ ಸಮಗಾರ ದೊಡ್ಡವನಾಗಬೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆತನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆ ನಡೆದದ್ದಕ್ಕೆ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತು ಎಂದು ಪರಂಪರೆ ಹೇಳುತ್ತದೆ. ನನಗೆ ಕಥೆಯ ಈ ಭಾಗವೇ ದೊಡ್ಡದು.

ಹಾಗೆಂದು ಈಗ ಕರಕುಶಲ ಕಲೆ ಎಂದು ಹೊಗಳಿ, ಮಕ್ಕಳನ್ನು ಅದೇ ಮಣೆಯ ಮೇಲೆ ಕೂರಿಸಿಡುವುದು ಇನ್ನೊಂದು ಬಗೆಯ ಕ್ರೌರ್ಯ. ಧಾರಾವಿಯ ಕಿಟಕಿಯಿಲ್ಲದ ಕೋಣೆಗಳಲ್ಲಿ ಅಂಟಿನ ಆವಿ ಉಸಿರಾಡುತ್ತ ಚೀಲ ಹೊಲಿಯುವ ಹುಡುಗರಿಗೆ ಹೊಗಳಿಕೆಯಿಂದ ಗಾಳಿ ಸಿಗುವುದಿಲ್ಲ. ಕಿಟಕಿ ಬೇಕು, ತಕ್ಕ ಕೂಲಿ ಬೇಕು. ಸಮಗಾರರ ಮಗಳಿಗೆ ಇಷ್ಟವಿದ್ದರೆ ಅವಳು ಚೀಲ ಹೊಲಿಯಲಿ, ಇಲ್ಲವಾದರೆ ಎಂಜಿನಿಯರ್ ಆಗಲಿ. ಮೇಲ್ಜಾತಿಯೆನಿಸಿಕೊಂಡ ಮನೆಯ ಹುಡುಗನಿಗೆ ಚರ್ಮದ ಕೆಲಸದಲ್ಲಿ ಆಸೆ ಹುಟ್ಟಿದರೆ ಅವಳ ಅಪ್ಪನ ಮುಂದೆ ಕೂತು ಆರಿ ಹಿಡಿಯಲು ಕಲಿಯಲಿ. ಕಲಿಸಿದ್ದಕ್ಕೆ ಆ ಹಿರಿಯನಿಗೆ ಕಾಲೇಜು ಮೇಷ್ಟರ ಸಂಬಳ ಸಿಗಲಿ.