ಹೆಬ್ಬೆರಳಿನ ಅಳತೆ

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ, ತಾಟಿನ ಮುಂದೆ ಕೂತು ಒಂದು ಮಾತು ಆಡಿದೆ. ಊರು ಕನಮಡಿ, ತಿಕೋಟಾ ತಾಲ್ಲೂಕಿನದು. ಇನ್ನಷ್ಟು ಮುಂದೆ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಅಂದು ಭೋಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಪಚಡಿ. ನಮ್ಮ ಕಡೆ ಪಚಡಿ ಎಂದರೆ ಹಸಿ ಕಾಯಿಪಲ್ಲೆಯದು: ಗಜ್ಜರಿ, ಮೂಲಂಗಿ, ಸವತೆಕಾಯಿಯನ್ನು ಎಳೆ ಎಳೆಯಾಗಿ ಹೆಚ್ಚಿ, ಮೆಂತ್ಯೆ ಸೊಪ್ಪು ಸೇರಿಸಿ, ಶೇಂಗಾ ಪುಡಿ, ಉಪ್ಪು, ಒಂದಿಷ್ಟು ಎಣ್ಣೆ ಹಾಕಿ ಕಲಸಿದ್ದು. ಗಡಿಯಾಚೆ ಮರಾಠಿಯವರು ಇಂಥದ್ದಕ್ಕೆ ಕೋಶಿಂಬೀರ್ ಎನ್ನುತ್ತಾರೆ. ಬೆಂಗಳೂರು ಕಡೆಯ ಕೋಸಂಬರಿಯೂ ಇದರ ಹತ್ತಿರದ ನೆಂಟನೇ.

ನಾನು ಆಡಿದ ಮಾತು ಇಷ್ಟೇ: "ಯವ್ವಾ, ಈ ಸಲ ಗಜ್ಜರಿ ದಪ್ಪ ಆಗ್ಯಾವಲ್ಲ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೆಬ್ಬಟ್ಟಿಗಿ ಈಗ ಗೊತ್ತಾಗಂಗಿಲ್ಲೋ ತಮ್ಮಾ," ಎಂದಳು. "ಗಜ್ಜರಿ ಎಲ್ಲಿ ಮುಗೀತು, ಬೆರಳ ಎಲ್ಲಿ ಸುರು ಆತು, ಕಣ್ಣಿಲೆ ನೋಡಿ ಹೆಚ್ಚಬೇಕು."

ಅವ್ವನಿಗೆ ಸಕ್ಕರೆ ಕಾಯಿಲೆ. ಬೆರಳ ತುದಿಗಳು ಜೋಮು ಹಿಡಿದು ಎರಡು ವರ್ಷವಾಗಿತ್ತಂತೆ. ನನಗೆ ಅದು ಗೊತ್ತಾದದ್ದು ಗಜ್ಜರಿಯ ದಪ್ಪದಿಂದ.

ಈಳಿಗೆಯ ಮುಂದೆ ಕೂತವರಿಗೆ ಇದರ ಅರ್ಥ ಬೇಗ ಆಗುತ್ತದೆ. ಚಾಕುವಿನಲ್ಲಿ ಹೆಚ್ಚುವಾಗ ಅಲಗು ಚಲಿಸುತ್ತದೆ, ಕಾಯಿ ನಿಂತಿರುತ್ತದೆ. ಈಳಿಗೆಯಲ್ಲಿ ಇದು ತಿರುವುಮುರುವು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ, ಅಲಗು ನೆಟ್ಟಗೆ ನಿಂತಿರುತ್ತದೆ, ಎರಡೂ ಕೈಗಳು ಕಾಯಿಯನ್ನು ಅದರತ್ತ ದೂಡುತ್ತವೆ. ಎಷ್ಟು ದಪ್ಪ ಬೇಕು ಎಂದು ಹೇಳುವುದು ಹೆಬ್ಬೆರಳು. ಅಲಗಿಗೂ ತನಗೂ ನಡುವೆ ಉಳಿದ ಎಳೆಯನ್ನು ಅದು ಮುಟ್ಟಿಯೇ ಅಳೆಯುತ್ತದೆ. ಬೇರೆ ಅಳತೆಗೋಲು ಆ ಅಡುಗೆಮನೆಯಲ್ಲಿ ಇಲ್ಲ. ನಾನು ದಪ್ಪ ಎಂದು ದೂರಿದ್ದು, ಅವ್ವ ಕಳೆದುಕೊಂಡ ಆ ಅಳತೆಗೋಲನ್ನೇ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಯಿಪಲ್ಲೆಯನ್ನು ಎಷ್ಟು ಸಣ್ಣಗೆ ಹೆಚ್ಚಬೇಕು ಎಂದು ತೀರ್ಮಾನಿಸುವವರು ಯಾರು? ತಿನ್ನುವವರೋ, ಹೆಚ್ಚುವವರೋ?

ಸಣ್ಣಗೆ ಹೆಚ್ಚುವುದು ಬರೀ ಚೆಂದಕ್ಕಲ್ಲ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಗಜ್ಜರಿಯ ತುಂಡಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ದಪ್ಪದ ಎಳೆಗಳಾಗಿ ಸೀಳಿದರೆ ನೂರು ಎಳೆಗಳಾಗುತ್ತವೆ, ಒಟ್ಟು ಹೊರಮೈ 42 ಚದರ ಸೆಂಟಿಮೀಟರ್ ಆಗುತ್ತದೆ. ತೂಕ ಅಷ್ಟೇ, ಉಪ್ಪು ತಾಗುವ ಜಾಗ ಏಳು ಪಟ್ಟು. ಹಾಗಾಗಿ ಸಣ್ಣ ಎಳೆ ಬೇಗ ಬೇಯುತ್ತದೆ, ಬೇಗ ಉಪ್ಪು ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಕೆಡುವ ಮೊದಲೇ ಒಣಗುತ್ತದೆ. ಮಳೆ ನಂಬಲಾಗದ ನಮ್ಮ ಸೀಮೆಯಲ್ಲಿ ಕಾಯಿ ಅಗ್ಗವಿದ್ದಾಗ ಹೆಚ್ಚಿ ಒಣಗಿಸಿಟ್ಟುಕೊಳ್ಳುವವರಿಗೆ ಇದನ್ನು ಯಾರೂ ಲೆಕ್ಕ ಹಾಕಿ ಹೇಳಿಕೊಡಬೇಕಿಲ್ಲ.

ನಮ್ಮ ಮನೆಯ ಪಚಡಿಗೆ ಮಾತ್ರ ಬೇರೆಯೇ ಕಾರಣವಿತ್ತು. ನಾನು ಚಿಕ್ಕವನಿದ್ದಾಗ ಮುತ್ಯಾನಿಗೆ ಹಲ್ಲಿರಲಿಲ್ಲ. ಆದರೆ ಹಸಿ ಗಜ್ಜರಿ, ಹಸಿ ಮೂಲಂಗಿ ತಿನ್ನುವ ಆಸೆ ಹೋಗಿರಲಿಲ್ಲ. ಅವ್ವ ಅವನ ವಸಡಿಗೆ ತಕ್ಕಂತೆ ಹೆಚ್ಚುತ್ತಿದ್ದಳು. ಅವಳು ಅಂದು ಮಾಡಿದ್ದು ಪೂರ್ತಿ ಅರ್ಥವಿದ್ದ ಕೆಲಸ: ಒಬ್ಬರ ಬಾಯಿ ಅವಳಿಗೆ ಗೊತ್ತಿತ್ತು, ಆ ಬಾಯಿಗೆ ಎಷ್ಟು ಬೇಕು ಎಂಬುದು ಅವಳ ಹೆಬ್ಬೆರಳಿಗೆ ಗೊತ್ತಿತ್ತು. ಮುತ್ಯಾ ತೀರಿಕೊಂಡ. ಅಳತೆ ಹಾಗೇ ಉಳಿಯಿತು. ಗಟ್ಟಿ ಹಲ್ಲಿದ್ದ ನಾವೆಲ್ಲ ಅದನ್ನೇ ತಿಂದು ಬೆಳೆದೆವು, 'ನಮ್ಮವ್ವನ ಪಚಡಿ' ಎಂದು ಹಾಸ್ಟೆಲ್‌ನಲ್ಲಿ ಕೊಚ್ಚಿಕೊಂಡೆವು. ಕಾರಣ ಹೋಗಿ ಬರೀ ನಿಯಮ ಉಳಿದದ್ದನ್ನು ಯಾರೂ ಗಮನಿಸಲಿಲ್ಲ. ಮುತ್ಯಾನ ಅಗತ್ಯವಾಗಿದ್ದದ್ದು ಸದ್ದಿಲ್ಲದೆ ನನ್ನ ಹಕ್ಕಾಯಿತು. ಆ ಹಕ್ಕಿಗೆ ಒಂದು ದಿನ ಕುಂದು ಬಂದಾಗ ನಾನು ದೂರು ಹೇಳಿದೆ.

ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಶಾವಿಗೆ ಹೊಸೆಯುತ್ತಿದ್ದರು. ಉದ್ದನೆಯ ಮಣೆಯ ಒಂದು ತುದಿಯನ್ನು ಎತ್ತರಕ್ಕಿಟ್ಟು, ಅಲ್ಲಿ ಕೂತವಳು ನಾದಿದ ಗೋಧಿ ಹಿಟ್ಟನ್ನು ಅಂಗೈಯಲ್ಲಿ ಉಜ್ಜುತ್ತಾ ಎಳೆ ಇಳಿಸುತ್ತಿದ್ದಳು. ಕೆಳಗೆ ಕೂತವಳು ಅದನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಹರವುತ್ತಿದ್ದಳು. ಓಣಿಯ ಹೆಂಗಸರೆಲ್ಲ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಸೇರುತ್ತಿದ್ದರು. ಹಾಡಿರುತ್ತಿತ್ತು, ನಗೆ ಇರುತ್ತಿತ್ತು. ಜೊತೆಗೆ ಒಂದು ಪರೀಕ್ಷೆಯೂ ಇರುತ್ತಿತ್ತು: ಹೊಸ ಸೊಸೆಯ ಎಳೆ ಎಷ್ಟು ಸಣ್ಣ? ಕೂದಲಿನಷ್ಟು ಸಣ್ಣ ಶಾವಿಗೆ ಬಂದರೆ ತವರಿಗೆ ಹೆಸರು, ದಪ್ಪ ಬಂದರೆ ತವರಿಗೆ ಮಾತು. ಹೀಗೆ ಪರೀಕ್ಷೆ ಮಾಡಿದವರ ಪೈಕಿ ಮಣೆ ಮುಟ್ಟದವರೂ ಇದ್ದರು. ತಿನ್ನುವ ಗಂಡಸರು.

ಇದರ ವಿರುದ್ಧ ಒಂದು ಮಾತು ಹೇಳಬಹುದು, ಅದನ್ನು ತಳ್ಳಿಹಾಕುವಂತಿಲ್ಲ. ಸಣ್ಣಗೆ ಹೆಚ್ಚುವುದರಲ್ಲಿ ಹೆಚ್ಚುವವರಿಗೇ ಸುಖವಿಲ್ಲವೇ? ಚೀನಾದ ಜುವಾಂಗ್‌ಜಿಯ ಗ್ರಂಥದಲ್ಲಿ ಡಿಂಗ್ ಎಂಬ ಅಡುಗೆಯವನ ಕಥೆ ಬರುತ್ತದೆ. 19 ವರ್ಷ ಎತ್ತುಗಳನ್ನು ಕೊಯ್ದರೂ ಅವನ ಕತ್ತಿ ಆಗಷ್ಟೇ ಸಾಣೆ ಹಿಡಿದಂತೆ ಇತ್ತು. ಕಾರಣ, ಅವನು ಎಲುಬಿಗೆ ಬಡಿಯದೆ ಸಂದುಗಳ ನಡುವೆ ಕತ್ತಿ ಆಡಿಸುತ್ತಿದ್ದ. ಅದನ್ನು ನೋಡಿದ ಒಡೆಯ, ಬದುಕುವುದು ಹೇಗೆಂದು ಕಲಿತೆ ಎನ್ನುತ್ತಾನೆ. ಕೆಲಸದಲ್ಲಿ ಮುಳುಗಿದವನ ಆನಂದ ಸುಳ್ಳಲ್ಲ. ಬಸವಣ್ಣನ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕಾಯಕ ಎಂಬ ಪದವನ್ನು ವಿವರಿಸಬೇಕಾಗಿಯೂ ಇಲ್ಲ. ನನ್ನ ಅವ್ವನಿಗೂ ತನ್ನ ಎಳೆಗಳ ಬಗ್ಗೆ ಹೆಮ್ಮೆ ಇತ್ತು. ಅದೆಲ್ಲ ಬರೀ ದಬ್ಬಾಳಿಕೆಯಾಗಿತ್ತು ಎಂದು ನಾನು ಇಂದು ಬರೆದರೆ, ಅವಳಿಂದ ಆ ಹೆಮ್ಮೆಯನ್ನೂ ಕಿತ್ತುಕೊಂಡಂತಾಗುತ್ತದೆ.

ಆದರೆ ಡಿಂಗ್‌ನ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಟ್ಟು ನೋಡಬೇಕು. ಕನ್ಫ್ಯೂಷಿಯಸ್‌ನ ಮಾತು-ನಡೆಗಳನ್ನು ದಾಖಲಿಸಿದ 'ಅನಲೆಕ್ಟ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಅವನ ಊಟದ ರೀತಿ ಇದೆ. ಸಣ್ಣಗೆ ಕೊಯ್ದ ಮಾಂಸ ಅವನಿಗೆ ಬೇಡವಾಗುತ್ತಿರಲಿಲ್ಲ, ಸರಿಯಾಗಿ ಕತ್ತರಿಸದಿದ್ದರೆ ತಿನ್ನುತ್ತಿರಲಿಲ್ಲ. ಆ ಸಾಲುಗಳಲ್ಲಿ ಇಲ್ಲದಿರುವುದು ಒಂದೇ: ಕತ್ತರಿಸಿದವರು ಯಾರು ಎಂಬುದು. ಡಿಂಗ್‌ನ ಕಥೆಯಲ್ಲಿ ಅಳತೆ ಹೆಚ್ಚುವವನ ಕೈಯಲ್ಲಿದೆ, ಇಲ್ಲಿ ತಿನ್ನುವವನ ನಾಲಿಗೆಯಲ್ಲಿದೆ. ಎರಡೂ ಕಡೆ ಎಳೆ ಒಂದೇ ಸಣ್ಣವಿರಬಹುದು, ನೋಡಿದರೆ ವ್ಯತ್ಯಾಸ ತಿಳಿಯದಿರಬಹುದು. ಆದರೂ ಒಂದು ಕಲೆ, ಇನ್ನೊಂದು ಆಜ್ಞೆ.

ನಮ್ಮ ಮನೆಗಳಲ್ಲಿ ಯಾವುದು ಹೆಚ್ಚು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಅಂಥ ಗಂಡಸರಾದರೂ ನಾಲ್ವರಲ್ಲಿ ಸುಮಾರು ಒಬ್ಬ. ಆ 299ರಲ್ಲಿ ಎಷ್ಟು ನಿಮಿಷ ಆನಂದ, ಎಷ್ಟು ನಿಮಿಷ ಆಜ್ಞೆ ಎಂದು ಯಾವ ಸಮೀಕ್ಷೆಯೂ ಅಳೆಯಲಾರದು. ಮನೆಯವರು ತಾವೇ ಕೇಳಿಕೊಳ್ಳಬೇಕು.

ಅವ್ವನ ಬೆರಳಿನ ಸಂಗತಿ ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಪೇಟೆಯದು. ಕಾಯಿಯನ್ನು ತಿರುಗಿಸಿದರೆ ನೂಡಲ್ಸಿನಂತೆ ಉದ್ದ ಎಳೆ ಬಿಡುವ ಒಂದು ಯಂತ್ರ ಸಿಗುತ್ತದೆ, ಸ್ಪೈರಲೈಸರ್ ಎಂದು ಹೆಸರು. ಸಕ್ಕರೆ ಕಾಯಿಲೆಯವರು ಮೈದಾ ನೂಡಲ್ಸ್ ಬದಲು ಸವತೆಕಾಯಿ, ಗಜ್ಜರಿಯ ಎಳೆ ತಿನ್ನಲಿ ಎಂದೂ ಅದನ್ನು ಮಾರುತ್ತಾರೆ. ತಂದುಕೊಟ್ಟೆ. ಅವ್ವ ಹಿಡಿಕೆ ತಿರುಗಿಸಿ, ಬಂದ ಎಳೆಯನ್ನು ಎತ್ತಿ ಹಿಡಿದು, "ಇದೇನು ಗಜ್ಜರಿನೋ, ಶಾವಿಗಿನೋ?" ಎಂದು ನಕ್ಕಳು. ನಡುವೆ ಪೆನ್ಸಿಲ್ಲಿನಂತೆ ಉಳಿದ ತಿರುಳನ್ನು ಸಾರಿಗೆ ಹಾಕಿದಳು. ಯಂತ್ರ ಒಳ್ಳೆಯದೇ. ಶಾವಿಗೆ ಯಂತ್ರ ಬಂದಾಗ ಎಷ್ಟೋ ಹೆಂಗಸರ ಬೆನ್ನು ಉಳಿದದ್ದು ನಿಜ, ಹಳೆಯ ಹಾಡು ಹೋಯಿತೆಂದು ಅದನ್ನು ಬೈಯುವ ಹಕ್ಕು ಮಣೆ ಮುಟ್ಟದವರಿಗಿಲ್ಲ. ಆದರೆ ನನ್ನ ಯಂತ್ರದಲ್ಲಿ ಒಂದು ಸುಳ್ಳಿತ್ತು. ನಾನು ಅವಳ ಕೆಲಸ ಕಡಿಮೆ ಮಾಡಲು ತಂದೆ ಎಂದುಕೊಂಡಿದ್ದೆ. ನಿಜದಲ್ಲಿ ನನ್ನ ಸಣ್ಣ ಎಳೆಯನ್ನು ಉಳಿಸಿಕೊಳ್ಳಲು ತಂದಿದ್ದೆ. ದಪ್ಪ ಗಜ್ಜರಿಯನ್ನು ತಿನ್ನಲು ಒಪ್ಪಿಕೊಂಡಿದ್ದರೆ ಯಂತ್ರವೇ ಬೇಕಿರಲಿಲ್ಲ.

ಅದೇ ಊರಿನ ಹೊಲದಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಯಾರ ಬಳಿಯೂ ಈಳಿಗೆ ಇರುವುದಿಲ್ಲ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುತ್ತಾರೆ, ಮೂಲಂಗಿಯನ್ನು ಮುರಿದು ಕಚ್ಚುತ್ತಾರೆ, ಹಕ್ಕರಕಿ ಸೊಪ್ಪನ್ನು ದಂಟು ಸಮೇತ ಬಾಯಿಗೆ ಹಾಕುತ್ತಾರೆ. ಅಲ್ಲಿ ದಪ್ಪ ಎಂದು ಯಾರೂ ದೂರುವುದಿಲ್ಲ, ರುಚಿಯೂ ಕಡಿಮೆ ಆಗುವುದಿಲ್ಲ. ನಾನೂ ಹಾಗೆ ತಿಂದವನೇ. ಹೊಲದಲ್ಲಿ ಬೇಡದ ಸಣ್ಣ ಎಳೆ ಮನೆಗೆ ಬಂದ ಕೂಡಲೇ ಬೇಕಾಗುವುದೇಕೆ? ಮನೆಯಲ್ಲಿ ಹೆಚ್ಚಿಕೊಡುವವರು ಇದ್ದಾರೆ ಎಂಬ ಒಂದೇ ಕಾರಣಕ್ಕೆ, ಎಂದು ನನಗೀಗ ಅನಿಸುತ್ತದೆ.

ಹಾಗೆಂದು ಸಣ್ಣಗೆ ಹೆಚ್ಚುವುದನ್ನು ಬಿಟ್ಟುಬಿಡಬೇಕು ಎನ್ನುತ್ತಿಲ್ಲ. ಹಲ್ಲಿಲ್ಲದವರು ಇನ್ನೂ ಇದ್ದಾರೆ, ಮಕ್ಕಳಿದ್ದಾರೆ, ಎಳೆಯ ಅಂದವನ್ನೇ ಪ್ರೀತಿಸಿ ಹೆಚ್ಚುವವರೂ ಇದ್ದಾರೆ. ನಾನು ಕೇಳುವುದು ಎರಡೇ. ಈ ಅಳತೆ ಹುಟ್ಟಿದ ಕಾರಣ ಇನ್ನೂ ಬದುಕಿದೆಯೇ? ಇದನ್ನು ಬಯಸುವವನು ಒಂದು ದಿನವಾದರೂ ಈಳಿಗೆ ಹಿಡಿದಿದ್ದಾನೆಯೇ? ಎರಡಕ್ಕೂ ಇಲ್ಲ ಎಂಬುದೇ ಉತ್ತರವಾದರೆ, ಅದು ರುಚಿಯ ಮಾತಲ್ಲ, ಯಜಮಾನಿಕೆಯ ಮಾತು.

ಊರು ಬಿಡುವ ಹಿಂದಿನ ದಿನ ಪಚಡಿಗೆ ನಾನೇ ಕೂತೆ. ಈಳಿಗೆಯ ಮಣೆ ಕಾಲಡಿ ಜಾರುತ್ತಿತ್ತು. ಗಜ್ಜರಿ ಒಂದು ಕಡೆ ಎಳೆಯಾಯಿತು, ಇನ್ನೊಂದು ಕಡೆ ಕಟ್ಟಿಗೆ ತುಂಡಾಯಿತು. ಅರ್ಧ ತಾಸಿನಲ್ಲಿ ನಾಲ್ಕು ಗಜ್ಜರಿ ಮುಗಿದವು, ಬೆನ್ನು ಹಿಡಿದುಕೊಂಡಿತು. ಅವ್ವ ಊಟಕ್ಕೆ ಕೂತಳು, ಒಂದು ತುತ್ತು ತಿಂದಳು. ದಪ್ಪ ಆಗಿದೆ ಎನ್ನುತ್ತಾಳೆಂದು ಕಾಯುತ್ತಿದ್ದೆ.

"ಉಪ್ಪು ಸಾಲದು," ಎಂದಳು, ಮತ್ತೆ ಹಾಕಿಸಿಕೊಂಡಳು.