ಎದುರಿನವರ ನೋವು

ಫ್ರಾನ್ಸ್ ಮತ್ತು ಜರ್ಮನಿ ದೇಶಗಳು 1870ರಿಂದ 1945ರವರೆಗಿನ ಅವಧಿಯಲ್ಲಿ ಮೂರು ಬಾರಿ ಪರಸ್ಪರ ಯುದ್ಧ ಮಾಡಿದವು. ನೆಲದಾಸೆ, ಸೇಡು, ಭಯಗಳು ಇದಕ್ಕೆ ಕಾರಣವಾದವು. ಇವುಗಳಿಗೆ ಬಲ ನೀಡಿದ ಇನ್ನೊಂದು ಕಾರಣ ಶಾಲೆಯೊಳಗಿತ್ತು. ಎರಡೂ ನಾಡುಗಳ ಮಕ್ಕಳು ತಮ್ಮವರ ಗಾಯದ ಕಥೆಯನ್ನಷ್ಟೇ ಓದಿ ಬೆಳೆದರು.

1963ರಲ್ಲಿ ಉಭಯ ದೇಶಗಳು ಮೈತ್ರಿಯ ಒಪ್ಪಂದ ಮಾಡಿಕೊಂಡವು. ಅದರ ನಲವತ್ತನೆಯ ವರ್ಷದ ನೆನಪಿಗೆ 2003ರಲ್ಲಿ ಬರ್ಲಿನ್ ನಗರದಲ್ಲಿ ಸೇರಿದ ಎರಡೂ ಕಡೆಯ ನೂರಾರು ವಿದ್ಯಾರ್ಥಿಗಳು ಚರ್ಚಿಸಿ, ಇಬ್ಬರಿಗೂ ಒಂದೇ ಇತಿಹಾಸದ ಪಠ್ಯಪುಸ್ತಕ ಬೇಕೆಂದು ಕೇಳಿದರು. ಅದರ ಮೊದಲ ಸಂಪುಟ 2006ರಲ್ಲಿ ಎರಡೂ ಭಾಷೆಗಳಲ್ಲಿ ಹೊರಬಂದಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಎದುರಿನವರ ನೋಟಕ್ಕೂ ಎಡೆಯಿತ್ತರೆ, ದಾಳಿ ಮಾಡಿದವನೂ ದಾಳಿಗೆ ತುತ್ತಾದವನೂ ಸಮಾನರಾಗುವರೆ? ಆಗಲಾರರು. ಹಿಟ್ಲರನ ಆಳ್ವಿಕೆಯ ಕ್ರೌರ್ಯ ಯಾವ ನಯದಿಂದ ನೋಡಿದರೂ ಹಿಂಸೆಯೇ. ಅನೇಕಾಂತವು ಪಾಪವನ್ನು ಪುಣ್ಯವೆನ್ನುವುದಿಲ್ಲ; ತಾನು ಕಂಡಷ್ಟೇ ಸತ್ಯವೆಂಬ ಹಠವನ್ನು ಬಿಡಿಸುತ್ತದೆ. ಆ ಹಠ ಬಿಟ್ಟವನಿಗೆ ತನ್ನವರ ತಪ್ಪೂ ಕಾಣತೊಡಗುತ್ತದೆ. ಕ್ಷಮೆ ಕೇಳುವ ಮಾತಿಗೆ ಅರ್ಥ ಬರುವುದು ಆಗಲೇ.

ಮನೆಯ ಹಿರಿಯರು ಹಳೆಯ ವೈರದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಎದುರಿನವರ ನೋವನ್ನೂ ಸೇರಿಸಿ ಹೇಳಲಿ. ಶಾಂತಿಯ ಪಾಠ ಅಲ್ಲಿಂದಲೇ ಮೊದಲಾಗುತ್ತದೆ.